ಮೂರ್ತಿಯಿಲ್ಲದ ಗರ್ಭಗುಡಿ: ಜಪಾನಿನ ಶಿಂಟೋ ದೇಗುಲಗಳಲ್ಲಿ ಏನಿದೆ, ಏನು ನಡೆಯುತ್ತದೆ

1965ರ ಜನವರಿಯಲ್ಲಿ ಜಪಾನಿನ ತ್ಸು ಎಂಬ ಊರಿನ ನಗರಸಭೆ ಒಂದು ವ್ಯಾಯಾಮಶಾಲೆ ಕಟ್ಟಲು ಹೊರಟಿತು. ಕೆಲಸ ಶುರು ಮಾಡುವ ಮೊದಲು ಗುದ್ದಲಿಪೂಜೆ ಆಯಿತು. ಶಿಂಟೋ ಪೂಜಾರಿಗಳು ಬಂದು ಮಾಡಿಸಿದರು. ಖರ್ಚು 7,663 ಯೆನ್. ಕೊಟ್ಟಿದ್ದು ನಗರಸಭೆಯ ಬೊಕ್ಕಸದಿಂದ. ಅದು ತಪ್ಪು ಅಂತ ಸದಸ್ಯರೊಬ್ಬರು ಕೋರ್ಟ್ ಮೆಟ್ಟಿಲು ಹತ್ತಿದರು. ಸರ್ಕಾರ ಯಾವ ಧರ್ಮದ ಆಚರಣೆಗೂ ಕೈ ಹಾಕಬಾರದು ಎನ್ನುತ್ತದೆ ಜಪಾನಿನ ಸಂವಿಧಾನ. ಹಾಗಿರುವಾಗ ತೆರಿಗೆ ದುಡ್ಡಲ್ಲಿ ಪೂಜೆ ಹೇಗೆ ಮಾಡಿಸಿದಿರಿ ಅನ್ನುವುದು ಅವರ ತಕರಾರು.

ಕೇಸು ಹನ್ನೆರಡು ವರ್ಷ ಎಳೆಯಿತು. ನಗೋಯಾ ಹೈಕೋರ್ಟ್ 1971ರಲ್ಲಿ ಇದು ಧಾರ್ಮಿಕ ಕ್ರಿಯೆಯೇ ಎಂದಿತು. 1977ರಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಿರುಗಿಸಿತು. ಹದಿನೈದು ನ್ಯಾಯಮೂರ್ತಿಗಳಲ್ಲಿ ಹತ್ತು ಜನರ ಪ್ರಕಾರ ಅದು ಕಟ್ಟಡದ ಕೆಲಸ ಸುಸೂತ್ರವಾಗಿ ಮುಗಿಯಲಿ ಅಂತ ಮಾಡುವ ರೂಢಿ, ಅಷ್ಟೇ. ಉಳಿದ ಐವರು ಒಪ್ಪಲಿಲ್ಲ.

ಧರ್ಮವೋ ರೂಢಿಯೋ? ಶಿಂಟೋ ಬಗ್ಗೆ ಬರೆಯಲು ಕೂತವರಿಗೆಲ್ಲ ಎದುರಾಗುವ ತೊಡಕು ಇದೇ. ಶಿಂಟೋಗೆ ಸ್ಥಾಪಕರಿಲ್ಲ. ಎಲ್ಲರೂ ಒಪ್ಪಬೇಕಾದ ಒಂದು ಗ್ರಂಥವಿಲ್ಲ. ಇಂಥದ್ದನ್ನು ನಂಬಿದರೆ ಮಾತ್ರ ನೀನು ನಮ್ಮವನು ಅನ್ನುವ ಕಟ್ಟುಪಾಡೂ ಇಲ್ಲ. 'ನನಗೆ ಯಾವ ಧರ್ಮವೂ ಇಲ್ಲ' ಅನ್ನುವ ಜಪಾನಿಗಳೇ ಹೊಸವರ್ಷಕ್ಕೆ ದೇಗುಲದ ಮುಂದೆ ಗಂಟೆಗಟ್ಟಲೆ ಕ್ಯೂ ನಿಲ್ಲುತ್ತಾರೆ. ಟೋಕಿಯೋದ ಮೇಜಿ ದೇಗುಲ ಒಂದಕ್ಕೇ ವರ್ಷದ ಮೊದಲ ಮೂರು ದಿನಗಳಲ್ಲಿ ಸುಮಾರು ಮೂವತ್ತು ಲಕ್ಷ ಜನ ಬರುತ್ತಾರೆ. ಹಾಗಾಗಿ ಇವರು ಏನು ನಂಬುತ್ತಾರೆ ಅಂತ ಕೇಳುತ್ತಾ ಕೂತರೆ ಶಿಂಟೋ ಕೈಗೆ ಸಿಗುವುದಿಲ್ಲ. ಏನು ಮಾಡುತ್ತಾರೆ ಅಂತ ನೋಡಿದರೆ ಬಹಳಷ್ಟು ಸ್ಪಷ್ಟವಾಗುತ್ತದೆ. ಈ ಲೇಖನದಲ್ಲಿ ಅದೇ ದಾರಿ ಹಿಡಿಯುತ್ತೇನೆ.

ದೇವರು ಯಾರು?

ಶಿಂಟೋದಲ್ಲಿ ದೇವರಿಗೆ ಕಾಮಿ ಅನ್ನುತ್ತಾರೆ. 712ರಲ್ಲಿ ಬರೆದ ಕೊಜಿಕಿ, 720ರಲ್ಲಿ ಬರೆದ ನಿಹೋನ್ ಶೋಕಿ ಎಂಬ ಎರಡು ಹಳೆಯ ಕೃತಿಗಳಲ್ಲಿ ಕಾಮಿಗಳ ಕಥೆಗಳಿವೆ. ಸೂರ್ಯದೇವತೆ ಅಮತೆರಾಸು ತಮ್ಮ ಸುಸಾನೋವೊನ ಪುಂಡಾಟಕ್ಕೆ ಬೇಸತ್ತು ಗುಹೆ ಸೇರಿಕೊಳ್ಳುತ್ತಾಳೆ. ಲೋಕವೆಲ್ಲ ಕತ್ತಲು. ಉಳಿದ ದೇವತೆಗಳು ಗುಹೆಯ ಮುಂದೆ ಸೇರುತ್ತಾರೆ. ಉಜುಮೆ ಎಂಬ ದೇವತೆ ಮೈಮೇಲೆ ಬಟ್ಟೆ ನಿಲ್ಲದಂತೆ ಕುಣಿಯುತ್ತಾಳೆ. ಎಲ್ಲರೂ ಹೊಟ್ಟೆ ಹಿಡಿದು ನಗುತ್ತಾರೆ. ಏನಪ್ಪಾ ಇದು ಗದ್ದಲ ಅಂತ ಅಮತೆರಾಸು ಇಣುಕಿದಾಗ ಎದುರಿಗೆ ಕನ್ನಡಿ ಹಿಡಿಯುತ್ತಾರೆ. ಅವಳು ಇನ್ನಷ್ಟು ಮುಂದೆ ಬಂದದ್ದೇ ತಡ, ಬಲಶಾಲಿ ದೇವರೊಬ್ಬ ಕೈಹಿಡಿದು ಹೊರಗೆಳೆಯುತ್ತಾನೆ. ಇನ್ನೊಬ್ಬ ಗುಹೆಯ ಬಾಯಿಗೆ ಅಡ್ಡವಾಗಿ ಹಗ್ಗ ಕಟ್ಟಿಬಿಡುತ್ತಾನೆ. ಇವತ್ತಿಗೂ ದೇಗುಲಗಳಲ್ಲಿ ಕಾಣುವ ಶಿಮೆನಾವಾ ಎಂಬ ಹುಲ್ಲಿನ ಹಗ್ಗಕ್ಕೆ, ಅಲ್ಲಿ ಪೂಜೆಯಾಗುವ ಕನ್ನಡಿಗೆ, ದೇವರ ಮುಂದಿನ ಕುಣಿತಕ್ಕೆ ಈ ಕಥೆಯ ನಂಟಿದೆ.

ಆದರೆ ಕಾಮಿ ಅಂದರೆ ಬರೀ ಕಥೆಯ ದೇವತೆಗಳಲ್ಲ. ಬೆಟ್ಟ ಕಾಮಿ ಆಗಬಹುದು. ಜಲಪಾತ, ಹಳೆಯ ಮರ, ಬಂಡೆ, ಬಿರುಗಾಳಿ, ಊರಿನ ಮೂಲಪುರುಷ ಕೂಡ ಆಗಬಹುದು. ಕಾಮಿ ಸರ್ವಶಕ್ತನೂ ಅಲ್ಲ, ಸದಾ ಒಳ್ಳೆಯವನೂ ಅಲ್ಲ. ಕಂಡಾಗ ಮನುಷ್ಯ ಬೆರಗಾಗಿ ಅಥವಾ ಹೆದರಿ ನಿಂತುಬಿಡುವಂಥದ್ದು ಏನಿದೆಯೋ ಅದೆಲ್ಲ ಕಾಮಿ.

ವಕಯಾಮಾ ಪ್ರಾಂತ್ಯದ ನಾಚಿ ಜಲಪಾತ 133 ಮೀಟರ್ ಎತ್ತರದಿಂದ ಬೀಳುತ್ತದೆ. ಅದರ ಬುಡದಲ್ಲಿ ದೇವರ ಬಾಗಿಲಿದೆ, ಕೈಮುಗಿಯಲು ಜಾಗವಿದೆ, ಗರ್ಭಗುಡಿ ಮಾತ್ರ ಇಲ್ಲ. ಬೀಳುವ ನೀರೇ ದೇವರು. ನಾರಾ ಪ್ರಾಂತ್ಯದ ಓಮಿವಾ ದೇಗುಲದಲ್ಲೂ ಹಾಗೇ. ಅಲ್ಲಿ ಹಿಂದಿರುವ ಮಿವಾ ಬೆಟ್ಟವನ್ನೇ ಪೂಜಿಸುತ್ತಾರೆ. ಆ ಬೆಟ್ಟ ಹತ್ತಬೇಕಾದರೆ ಹೆಸರು ಬರೆಸಿ ಅನುಮತಿ ಪಡೆಯಬೇಕು. ಮೇಲೆ ಫೋಟೋ ತೆಗೆಯುವಂತಿಲ್ಲ, ತಿನ್ನುವಂತಿಲ್ಲ. ಶಿಂಟೋ ಶುರುವಾಗಿದ್ದು ಕಟ್ಟಡಗಳೇ ಇಲ್ಲದೆ ಅನ್ನುವುದಕ್ಕೆ ಇಂಥ ಜಾಗಗಳೇ ಸಾಕ್ಷಿ. ಗುಡಿ ಕಟ್ಟುವುದು ಆಮೇಲೆ ಬಂತು.

ಮನುಷ್ಯರೂ ಕಾಮಿ ಆಗುತ್ತಾರೆ. ಸುಗವಾರಾ ನೊ ಮಿಚಿಜಾನೆ ಎಂಬ ವಿದ್ವಾಂಸ ಕ್ಯೋಟೋದ ಆಸ್ಥಾನದಲ್ಲಿ ದೊಡ್ಡ ಹುದ್ದೆಯಲ್ಲಿದ್ದ. ಆಗದವರು ಚಾಡಿ ಹೇಳಿದರು. 901ರಲ್ಲಿ ಅವನನ್ನು ದೂರದ ದಜಾಯಿಫುಗೆ ಎತ್ತಂಗಡಿ ಮಾಡಿದರು. ಎರಡು ವರ್ಷದಲ್ಲಿ ಅಲ್ಲೇ ಕೊರಗಿ ಸತ್ತ. ಆಮೇಲೆ ರಾಜಧಾನಿಯಲ್ಲಿ ಸಾವಿನ ಮೇಲೆ ಸಾವು. 930ರಲ್ಲಿ ಅರಮನೆಗೇ ಸಿಡಿಲು ಬಡಿಯಿತು. ಇದು ಮಿಚಿಜಾನೆಯ ಸಿಟ್ಟೇ ಅಂತ ಎಲ್ಲರೂ ನಡುಗಿದರು. ಅವನನ್ನು ಸಮಾಧಾನ ಮಾಡಲು 947ರಲ್ಲಿ ಕ್ಯೋಟೋದಲ್ಲಿ ಕಿತಾನೋ ದೇಗುಲ ಎದ್ದಿತು. ಸಿಡಿಲಿನ ದೇವರಾಗಿದ್ದವನು ಕಾಲ ಕಳೆದಂತೆ ವಿದ್ಯೆಯ ದೇವರಾದ. ಈಗ ಪರೀಕ್ಷೆ ಹತ್ತಿರ ಬಂದರೆ ಸಾಕು, ಹುಡುಗರು ಅವನ ಗುಡಿಗಳಿಗೆ ಮುಗಿಬೀಳುತ್ತಾರೆ. ಎಮಾ ಎಂಬ ಪುಟ್ಟ ಮರದ ಹಲಗೆಯ ಮೇಲೆ ತಮಗೆ ಸೀಟು ಬೇಕಾದ ಕಾಲೇಜಿನ ಹೆಸರು ಬರೆದು ತೂಗುಹಾಕುತ್ತಾರೆ.

ಬಾಗಿಲಿನಿಂದ ಒಳಗೆ

ಎರಡು ಕಂಬ, ಮೇಲೆ ಎರಡು ಅಡ್ಡತೊಲೆ. ಕದವಿಲ್ಲ, ಅಗುಳಿಯಿಲ್ಲ. ಇದು ತೋರಿ. ಇಲ್ಲಿಂದಾಚೆ ದೇವರ ಜಾಗ ಅಂತ ತೋರಿಸುವುದಷ್ಟೇ ಇದರ ಕೆಲಸ. ದಾಟುವ ಮೊದಲು ಜನ ಒಮ್ಮೆ ತಲೆಬಾಗುತ್ತಾರೆ. ಹಿರೋಶಿಮಾ ಬಳಿಯ ಇತ್ಸುಕುಶಿಮಾ ದೇಗುಲದ ತೋರಿ ಸಮುದ್ರದಲ್ಲೇ ನಿಂತಿದೆ. ಈಗಿರುವುದು 1875ರದ್ದು, ಎತ್ತರ ಸುಮಾರು 16 ಮೀಟರ್. ಸೋಜಿಗವೇನೆಂದರೆ ಅದರ ಕಂಬಗಳನ್ನು ಸಮುದ್ರದ ತಳದಲ್ಲಿ ಹೂತಿಲ್ಲ. ತನ್ನ ಭಾರದಿಂದಲೇ ಅದು ನಿಂತಿದೆ. ಕ್ಯೋಟೋದ ಫುಶಿಮಿ ಇನಾರಿಯಲ್ಲಿ ಬೆಟ್ಟದ ದಾರಿಯುದ್ದಕ್ಕೂ ಸಾವಿರಾರು ಕೆಂಪು ತೋರಿಗಳ ಸಾಲಿದೆ. ಫೋಟೋದಲ್ಲಿ ನೀವೂ ನೋಡಿರುತ್ತೀರಿ. ಅವು ಹರಕೆಯ ತೋರಿಗಳು. ಹತ್ತುವಾಗ ಏನೂ ಕಾಣುವುದಿಲ್ಲ. ಹಿಂತಿರುಗಿ ನೋಡಿದರೆ ಪ್ರತಿ ಕಂಬದ ಹಿಂಬದಿಯಲ್ಲೂ ಕೊಟ್ಟವರ ಹೆಸರು, ತಾರೀಖು ಕಪ್ಪಗೆ ಎದ್ದು ಕಾಣುತ್ತದೆ. ಬಹುತೇಕ ಕಂಪನಿಗಳು, ಅಂಗಡಿಯವರು. ಇನಾರಿ ಮೊದಲು ಭತ್ತದ ದೇವರು, ಆಮೇಲೆ ವ್ಯಾಪಾರಕ್ಕೂ ದೇವರಾದ. ಅಲ್ಲಿರುವ ನರಿಗಳು ಅವನ ದೂತರು. ಎಷ್ಟೋ ಪ್ರವಾಸಿಗರು ನರಿಯೇ ದೇವರು ಅಂದುಕೊಂಡು ವಾಪಸಾಗುತ್ತಾರೆ.

ತೋರಿ ದಾಟಿದರೆ ಜಲ್ಲಿಕಲ್ಲಿನ ದಾರಿ. ನಟ್ಟನಡುವೆ ನಡೆಯಬಾರದು, ಅದು ದೇವರು ಓಡಾಡುವ ಜಾಗ. ಪಕ್ಕದಲ್ಲಿ ನಡೆಯಬೇಕು. ಮುಂದೆ ಎರಡು ಕಲ್ಲಿನ ಪ್ರಾಣಿಗಳು ಎದುರುಬದುರು ಕೂತಿರುತ್ತವೆ. ಸಿಂಹವೂ ಹೌದು, ನಾಯಿಯೂ ಹೌದು ಅನ್ನಿಸುವ ಮುಖ. ಕೊಮಾಯಿನು ಅಂತ ಕರೆಯುತ್ತಾರೆ. ಸರಿಯಾಗಿ ನೋಡಿ: ಒಂದರ ಬಾಯಿ ತೆರೆದಿದೆ, ಇನ್ನೊಂದರದು ಮುಚ್ಚಿದೆ. ಒಂದು 'ಅ' ಅನ್ನುತ್ತಿದೆ, ಇನ್ನೊಂದು 'ಉಂ' ಅನ್ನುತ್ತಿದೆ. ಎರಡೂ ಸೇರಿದರೆ ನಮ್ಮ ಓಂಕಾರ. ಸಂಸ್ಕೃತದ ಅಕ್ಷರಮಾಲೆಯ ಜೊತೆ ಈ ಕಲ್ಪನೆ ಬೌದ್ಧರ ಮೂಲಕ ಚೀನಾ ದಾಟಿ ಅಲ್ಲಿಗೆ ಹೋಗಿದೆ.

ಆಮೇಲೆ ನೀರಿನ ತೊಟ್ಟಿ. ಬಿದಿರಿನ ಅಥವಾ ಮರದ ಸೌಟುಗಳಿರುತ್ತವೆ. ಬಲಗೈಯಲ್ಲಿ ಸೌಟು ಹಿಡಿದು ಎಡಗೈ ತೊಳೆಯಬೇಕು. ಎಡಗೈಗೆ ಬದಲಿಸಿಕೊಂಡು ಬಲಗೈ. ಮತ್ತೆ ಬಲಗೈಗೆ ತಂದು, ಎಡ ಬೊಗಸೆಗೆ ನೀರು ಸುರಿದುಕೊಂಡು ಬಾಯಿ ಮುಕ್ಕಳಿಸಬೇಕು. ಸೌಟಿಗೆ ನೇರವಾಗಿ ಬಾಯಿ ಹಚ್ಚುವಂತಿಲ್ಲ. ಎಡಗೈ ಇನ್ನೊಮ್ಮೆ ತೊಳೆದು, ಕೊನೆಗೆ ಸೌಟನ್ನು ನೆಟ್ಟಗೆ ಎತ್ತಿದರೆ ಉಳಿದ ನೀರು ಹಿಡಿಯ ಮೇಲೆ ಇಳಿದು ಅದನ್ನೂ ತೊಳೆಯುತ್ತದೆ. ಇಷ್ಟಕ್ಕೂ ಒಂದೇ ಸೌಟು ನೀರು ಸಾಕಾಗಬೇಕು. ಮುಂದಿನವನಿಗೆ ಸೌಟು ಶುದ್ಧವಾಗಿ ಸಿಗಬೇಕು ಅನ್ನುವ ಆ ಕೊನೆಯ ಹೆಜ್ಜೆ ನನಗೆ ತುಂಬಾ ಇಷ್ಟ.

ಎದುರಿಗೆ ಕಾಣುವ ದೊಡ್ಡ ಕಟ್ಟಡ ಹೈಡೆನ್. ಅದು ಭಕ್ತರಿಗೆ. ಕಾಣಿಕೆ ಪೆಟ್ಟಿಗೆಗೆ ನಾಣ್ಯ ಹಾಕಿ, ಗಂಟೆಯಿದ್ದರೆ ಹಗ್ಗ ಎಳೆದು ಬಾರಿಸಿ, ಎರಡು ಸಲ ಬಾಗಿ, ಎರಡು ಸಲ ಚಪ್ಪಾಳೆ ತಟ್ಟಿ, ಕೈಮುಗಿದು, ಮತ್ತೊಮ್ಮೆ ಬಾಗುತ್ತಾರೆ. ಇಜುಮೋ ಎಂಬ ಹಳೆಯ ದೊಡ್ಡ ದೇಗುಲದಲ್ಲಿ ಚಪ್ಪಾಳೆ ನಾಲ್ಕು. ಅದರ ಹಿಂದೆ, ಸಾಮಾನ್ಯವಾಗಿ ಬೇಲಿಯ ಮರೆಯಲ್ಲಿ, ಹೊಂಡೆನ್ ಇರುತ್ತದೆ. ಅದೇ ಗರ್ಭಗುಡಿ. ಭಕ್ತರಿಗೆ ಅಲ್ಲಿ ಪ್ರವೇಶವಿಲ್ಲ, ದರ್ಶನ ಅನ್ನುವ ಪದ್ಧತಿಯೂ ಇಲ್ಲ. ಒಳಗೆ ಸಾಮಾನ್ಯವಾಗಿ ಮೂರ್ತಿ ಇರುವುದಿಲ್ಲ. ಕಾಮಿ ನೆಲೆಸುವ ಒಂದು ವಸ್ತು ಇರುತ್ತದೆ: ಕನ್ನಡಿ, ಕತ್ತಿ, ಕಲ್ಲು, ಹೀಗೆ. ಅದನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟಿರುತ್ತಾರೆ. ಜೀವಮಾನವಿಡೀ ಪೂಜೆ ಮಾಡಿದ ಪೂಜಾರಿಯೂ ಅದನ್ನು ಬಿಚ್ಚಿ ನೋಡುವುದಿಲ್ಲ.

ಮರ, ಹುಲ್ಲು ಮತ್ತು ಇಪ್ಪತ್ತು ವರ್ಷ

ದೇಗುಲಗಳ ಶೈಲಿಗಳಿಗೆ ದೊಡ್ಡ ಪಟ್ಟಿಯೇ ಇದೆ. ಅದನ್ನು ಇಲ್ಲಿ ಒಪ್ಪಿಸುವುದಿಲ್ಲ. ಹಳೆಯ ಬಗೆ ಯಾವುದು, ಬೌದ್ಧರ ಪ್ರಭಾವ ಬಂದ ಮೇಲಿನದು ಯಾವುದು ಅಂತ ಗುರುತಿಸಲು ಬಂದರೆ ಸಾಕು. ಮಾಡು ನೇರವಾಗಿ ಇಳಿದಿದ್ದರೆ, ಮರಕ್ಕೆ ಬಣ್ಣ ಬಳಿಯದಿದ್ದರೆ, ನೆಲದಿಂದ ಎತ್ತರದಲ್ಲಿ ಉಗ್ರಾಣದಂತೆ ನಿಂತಿದ್ದರೆ ಅದು ಹಳೆಯ ಬಗೆ. ಮಾಡು ಅಲೆಯಂತೆ ಬಾಗಿದ್ದರೆ, ಕಂಬಗಳು ಕೆಂಪಗಿದ್ದರೆ ಬೌದ್ಧ ವಿಹಾರಗಳ ಗಾಳಿ ಬೀಸಿದೆ ಅಂತ ಅರ್ಥ. ಈ ಎರಡನೆಯದರ ತುತ್ತತುದಿ ನಿಕ್ಕೋದ ತೋಶೋಗು. ಶೋಗನ್, ಅಂದರೆ ನಾಡನ್ನು ಆಳಿದ ಸೇನಾಧಿಪತಿ, ತೊಕುಗಾವಾ ಇಯೆಯಾಸುವನ್ನು ಕಾಮಿಯಾಗಿ ಪೂಜಿಸುವ ಜಾಗ ಅದು. 1636ರಲ್ಲಿ ಅವನ ಮೊಮ್ಮಗ ಅದನ್ನು ಮತ್ತೆ ಕಟ್ಟಿಸಿದ. ಚಿನ್ನ, ಬಣ್ಣ, ಕೆತ್ತನೆ. ಕಣ್ಣಿಗೆ ಬಿಡುವೇ ಇಲ್ಲ. ಕಣ್ಣು, ಕಿವಿ, ಬಾಯಿ ಮುಚ್ಚಿಕೊಂಡ ಆ ಮೂರು ಕೋತಿಗಳು ಇರುವುದೂ ಅಲ್ಲೇ, ಕುದುರೆ ಲಾಯದ ಗೋಡೆಯ ಮೇಲೆ.

ಇಜುಮೋ ಹಳೆಯ ಬಗೆಗೆ ಸೇರಿದ್ದು. ಈಗಿನ ಹೊಂಡೆನ್ 1744ರದ್ದು, ಎತ್ತರ 24 ಮೀಟರ್. ಹಿಂದೆ ಅದರ ಎರಡರಷ್ಟು, ಅಂದರೆ 48 ಮೀಟರ್ ಇತ್ತು ಅನ್ನುವ ಮಾತಿತ್ತು. ಮರದಲ್ಲಿ ಅಷ್ಟೆತ್ತರ ಆಗುವ ಮಾತೇ ಅಂತ ಪಂಡಿತರು ಮೂಗು ಮುರಿಯುತ್ತಿದ್ದರು. 2000ದಲ್ಲಿ ದೇಗುಲದ ಅಂಗಳ ಅಗೆಯುವಾಗ ಕಂಬದ ಬುಡಗಳು ಸಿಕ್ಕವು. ಮೂರು ದೈತ್ಯ ಮರಗಳನ್ನು ಸೇರಿಸಿ ಕಟ್ಟಿ ಒಂದು ಕಂಬ ಮಾಡಿದ್ದರು, ದಪ್ಪ ಸುಮಾರು ಮೂರು ಮೀಟರ್. ದೇಗುಲದ ಹಳೆಯ ನಕ್ಷೆಯೊಂದರಲ್ಲೂ ಕಂಬಗಳನ್ನು ಹಾಗೇ, ಮೂರು ವೃತ್ತಗಳಾಗಿ ಬರೆದಿತ್ತು. 48 ಮೀಟರ್ ಅನ್ನುವುದು ಇದರಿಂದ ಸಾಬೀತಾಗಲಿಲ್ಲ, ನಿಜ. ಆದರೆ ನಗುವುದು ನಿಂತಿತು.

ಶಿಂಟೋ ದೇಗುಲ ಅಂದರೇನು ಅಂತ ಒಂದೇ ಜಾಗ ನೋಡಿ ತಿಳಿಯಬೇಕಾದರೆ ಇಸೆಗೆ ಹೋಗಬೇಕು. ಶುರುವಿನಲ್ಲಿ ಹೇಳಿದ ತ್ಸು ಊರಿನ ಪ್ರಾಂತ್ಯವಾದ ಮಿಯೆಯಲ್ಲೇ ಇದೆ. ಒಂದು ಗುಡಿಯಲ್ಲ, ಚಿಕ್ಕದು ದೊಡ್ಡದು ಸೇರಿ 125. ಒಳಗಿನ ದೇಗುಲದಲ್ಲಿ ಅಮತೆರಾಸು, ಅವಳ ಕನ್ನಡಿಯ ರೂಪದಲ್ಲಿ. ಹೊರಗಿನ ದೇಗುಲದಲ್ಲಿ ತೊಯೊಉಕೆ, ಅನ್ನಾಹಾರದ ದೇವತೆ. ಇಲ್ಲಿನ ಕಂಬಗಳಿಗೆ ಅಡಿಗಲ್ಲಿಲ್ಲ, ನೇರ ಮಣ್ಣಿನಲ್ಲಿ ಹೂಳುತ್ತಾರೆ. ಹಿನೋಕಿ ಎಂಬ ಸೈಪ್ರೆಸ್ ಜಾತಿಯ ಮರ, ಬಣ್ಣವಿಲ್ಲ. ಮಾಡಿಗೆ ಹುಲ್ಲಿನ ದಪ್ಪ ಹೊದಿಕೆ. ನೆತ್ತಿಯ ಮೇಲೆ ಅಡ್ಡಡ್ಡ ಮಲಗಿಸಿದ ಗುಂಡು ತೊಲೆಗಳು: ಒಳಗಿನದಕ್ಕೆ ಹತ್ತು, ಹೊರಗಿನದಕ್ಕೆ ಒಂಬತ್ತು. ಮಾಡಿನ ಎರಡು ತುದಿಯಲ್ಲೂ ಕತ್ತರಿಯಂತೆ ಮೇಲೆ ಚಾಚಿದ ಮರಗಳಿವೆ. ಒಳಗಿನ ದೇಗುಲದಲ್ಲಿ ಅವುಗಳ ತುದಿಯನ್ನು ಮಟ್ಟಸವಾಗಿ, ಹೊರಗಿನದರಲ್ಲಿ ನೆಟ್ಟಗೆ ಕೊಯ್ದಿರುತ್ತಾರೆ.

ಇಪ್ಪತ್ತು ವರ್ಷಕ್ಕೊಮ್ಮೆ ಈ ಎರಡು ಮುಖ್ಯ ದೇಗುಲಗಳನ್ನು ಹೊಸದಾಗಿ ಕಟ್ಟುತ್ತಾರೆ. ಪ್ರತಿ ದೇಗುಲದ ಪಕ್ಕದಲ್ಲಿ ಅಷ್ಟೇ ಅಳತೆಯ ಖಾಲಿ ಜಾಗ ಇರುತ್ತದೆ. ಹಳೆಯದು ನಿಂತಿರುವಾಗಲೇ ಖಾಲಿ ಜಾಗದಲ್ಲಿ ಅಂಥದ್ದೇ ಇನ್ನೊಂದು ಎದ್ದು ನಿಲ್ಲುತ್ತದೆ. ದೇವರನ್ನು ಅಲ್ಲಿಗೆ ಕರೆದೊಯ್ದ ಮೇಲೆ ಹಳೆಯದನ್ನು ಬಿಚ್ಚುತ್ತಾರೆ. ಮೊದಲ ಸಲ ಇದು ನಡೆದದ್ದು ಸಾಮ್ರಾಜ್ಞಿ ಜಿತೊ ಕಾಲದಲ್ಲಿ, 690ರಲ್ಲಿ. ಆಮೇಲೆ ತಪ್ಪದೆ ನಡೆದುಕೊಂಡು ಬಂದಿದೆ ಅಂತ ಪ್ರವಾಸಿ ಪುಸ್ತಕಗಳು ಹೇಳುತ್ತವೆ. ಅದು ಪೂರ್ತಿ ಸರಿಯಲ್ಲ. 15-16ನೇ ಶತಮಾನದ ಅಂತರ್ಯುದ್ಧಗಳ ಹೊತ್ತಿನಲ್ಲಿ ನೂರಿಪ್ಪತ್ತಕ್ಕೂ ಜಾಸ್ತಿ ವರ್ಷ ನಿಂತುಹೋಗಿತ್ತು. ಎರಡನೇ ಮಹಾಯುದ್ಧದ ಸೋಲಿನ ನಂತರ 1949ರಲ್ಲಿ ಆಗಬೇಕಿದ್ದದ್ದು 1953ಕ್ಕೆ ಹೋಯಿತು. 62ನೆಯದು 2013ರಲ್ಲಿ ಆಯಿತು.

ಕೆಲಸ ಹಿಡಿಯುವುದು ಎಂಟು ವರ್ಷ. ಮರ ಕಡಿಯುವ ಮೊದಲು ಬೆಟ್ಟದ ದೇವರಿಗೆ ಪೂಜೆ. ಹತ್ತು ಸಾವಿರದಷ್ಟು ಹಿನೋಕಿ ಮರ ಬೇಕು. ಇಸೆಯ ಸ್ವಂತ ಕಾಡಿನಲ್ಲಿ ದೊಡ್ಡ ಮರಗಳು ಮುಗಿದು ಬಹಳ ಕಾಲವಾಗಿತ್ತು. ಹಾಗಾಗಿ ದೂರದ ಕಿಸೋ ಕಣಿವೆಯಿಂದ ತರುತ್ತಿದ್ದರು. 1923ರಲ್ಲಿ ಒಂದು ಯೋಜನೆ ಹಾಕಿದರು: ಈಗ ಸಸಿ ನೆಟ್ಟು ಇನ್ನೂರು ವರ್ಷ ಬೆಳೆಸೋಣ, ಆಮೇಲೆ ನಮ್ಮ ಕಾಡಿನದೇ ಮರ ಬಳಸೋಣ ಅಂತ. 2013ರ ಹೊತ್ತಿಗೆ ಬೇಕಾದ ಮರದ ನಾಲ್ಕನೇ ಒಂದು ಪಾಲಿನಷ್ಟು ಆ ಕಾಡಿನಿಂದಲೇ ಬಂತು. ಊರಿನ ಜನ ಸಾವಿರಗಟ್ಟಲೆ ಸೇರಿ ಆ ತೊಲೆಗಳನ್ನು ಹಾಡು ಹೇಳುತ್ತಾ ಬಂಡಿಯಲ್ಲಿ, ನದಿಯಲ್ಲಿ ಎಳೆದು ತರುತ್ತಾರೆ. ಕಟ್ಟಡ ಮುಗಿದ ಮೇಲೆ ಅಂಗಳಕ್ಕೆ ಬಿಳಿ ಕಲ್ಲು ಹಾಸುವುದೂ ಅವರೇ. ಅದೊಂದು ಸಲ ಮಾತ್ರ ಸಾಮಾನ್ಯ ಜನ ಗರ್ಭಗುಡಿಯ ಅಷ್ಟು ಹತ್ತಿರ ಹೋಗಬಹುದು.

ಕಟ್ಟಡ ಒಂದೇ ಅಲ್ಲ. ದೇವರ ಬಟ್ಟೆ, ಕತ್ತಿ, ಬಿಲ್ಲು, ಕನ್ನಡಿ, ಜೀನು, ಮಗ್ಗದ ಪುಟ್ಟ ಉಪಕರಣ, ಹೀಗೆ 714 ಬಗೆಯ 1,576 ವಸ್ತುಗಳನ್ನು ಹಳೆಯ ಕ್ರಮದಲ್ಲೇ ಹೊಸದಾಗಿ ಮಾಡುತ್ತಾರೆ. ಒಂದು ಕತ್ತಿಯ ಹಿಡಿಗೆ ತೊಕಿ ಎಂಬ ಕೊಕ್ಕರೆ ಜಾತಿಯ ಹಕ್ಕಿಯ ನಸುಗೆಂಪು ಗರಿ ಕಟ್ಟಬೇಕು. ಜಪಾನಿನಲ್ಲೇ ಹುಟ್ಟಿದ ಕೊನೆಯ ತೊಕಿ ಸತ್ತಿದ್ದು 2003ರಲ್ಲಿ. ಈಗ ಅಲ್ಲಿರುವುದು ಚೀನಾದಿಂದ ತಂದ ಹಕ್ಕಿಗಳ ಸಂತಾನ. ಒಂದು ಪೂಜೆಯ ಕ್ರಮ ಉಳಿಯಬೇಕಾದರೆ ಒಂದು ಹಕ್ಕಿ, ಒಂದು ಕಾಡು, ಹತ್ತಾರು ಕಸುಬುಗಳು ಉಳಿಯಬೇಕಾಗುತ್ತದೆ.

ಯಾಕೆ ಇಪ್ಪತ್ತೇ ವರ್ಷ? ಕಾರಣ ಹೇಳುವ ಹಳೆಯ ದಾಖಲೆ ಇಲ್ಲ. ಕಸುಬು ಮರೆಯದಂತೆ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟಿಸಲು ಅಂತ ಕೆಲವರು. ಇಪ್ಪತ್ತರಲ್ಲಿ ಕಲಿಯುವವನು ನಲವತ್ತರಲ್ಲಿ ಮಾಡುತ್ತಾನೆ, ಅರವತ್ತರಲ್ಲಿ ಕಲಿಸುತ್ತಾನೆ. ದೇವರಿಗೆ ಯಾವಾಗಲೂ ಹೊಸತು, ಶುದ್ಧವಾದದ್ದು ಬೇಕು ಅಂತ ಇನ್ನು ಕೆಲವರು. ನನಗೆ ಅನ್ನಿಸುವುದು ಇಷ್ಟು: ಮಣ್ಣಲ್ಲಿ ಹೂತ ಮರ, ಹುಲ್ಲಿನ ಮಾಡು ಅಷ್ಟು ಹೊತ್ತಿಗೆ ಹಾಳಾಗುತ್ತದೆ ಅಲ್ವಾ. ರಿಪೇರಿಯೇ ಮೊದಲು, ಉಳಿದ ಅರ್ಥಗಳು ಆಮೇಲೆ ಬಂದು ಸೇರಿಕೊಂಡಿರಬೇಕು. ಅದರಿಂದ ಆ ಅರ್ಥಗಳ ಬೆಲೆಯೇನೂ ಕಮ್ಮಿ ಆಗುವುದಿಲ್ಲ. ಕಲ್ಲಿನ ಅಡಿಪಾಯ ಹಾಕಲು ಅವರಿಗೆ ಗೊತ್ತಿತ್ತು. ಅದೇ ಕಾಲದ ಬೌದ್ಧ ವಿಹಾರ ಹೊರ್ಯೂಜಿಯ ಮರದ ಕಟ್ಟಡಗಳು ಇವತ್ತಿಗೂ ನಿಂತಿವೆ. ಗೊತ್ತಿದ್ದೂ ಬೇಡ ಅಂದರು. ಬಾಳಿಕೆ ಬರುವ ಕಟ್ಟಡಕ್ಕಿಂತ ಮತ್ತೆ ಮತ್ತೆ ಕಟ್ಟುವ ಕೈಗಳನ್ನು ನೆಚ್ಚಿಕೊಂಡರು.

ಬಿಚ್ಚಿದ ಮರ ಎಲ್ಲಿಗೆ ಹೋಗುತ್ತದೆ ಅನ್ನುವುದೂ ಸ್ವಾರಸ್ಯವೇ. ಮಾಡಿನ ನೆತ್ತಿ ಹೊರುವ ದೊಡ್ಡ ಕಂಬಗಳು ಒಳಗಿನ ದೇಗುಲಕ್ಕೆ ಹೋಗುವ ಉಜಿ ಸೇತುವೆಯ ಎರಡು ತುದಿಯ ತೋರಿಗಳಾಗುತ್ತವೆ. ಅಲ್ಲಿ ಇಪ್ಪತ್ತು ವರ್ಷ ನಿಂತ ಮೇಲೆ ಕುವಾನಾ, ಸೆಕಿ ಊರುಗಳಿಗೆ ಹೋಗಿ ಮತ್ತೆ ತೋರಿಗಳಾಗಿ ಇನ್ನಿಪ್ಪತ್ತು ವರ್ಷ ನಿಲ್ಲುತ್ತವೆ. ಉಳಿದ ಮರ ನಾಡಿನ ಬೇರೆ ಬೇರೆ ದೇಗುಲಗಳ ರಿಪೇರಿಗೆ ಹೋಗುತ್ತದೆ.

ಮಡಿ, ಮೈಲಿಗೆ, ನೈವೇದ್ಯ

ಇಸೆಯ ಹೊರಗಿನ ದೇಗುಲದಲ್ಲಿ ದಿನಕ್ಕೆರಡು ಸಲ ದೇವರಿಗೆ ಊಟ ಇಡುತ್ತಾರೆ. ಒಂದೂವರೆ ಸಾವಿರ ವರ್ಷದಿಂದ ನಡೆದು ಬಂದಿದೆ ಅಂತ ಅಲ್ಲಿನವರ ನಂಬಿಕೆ. ಅಮತೆರಾಸು ಚಕ್ರವರ್ತಿಯ ಕನಸಿನಲ್ಲಿ ಬಂದು, ಒಬ್ಬಳೇ ಇದ್ದು ಊಟ ಸೇರುತ್ತಿಲ್ಲ, ತೊಯೊಉಕೆಯನ್ನು ಕರೆಸು ಅಂದಳಂತೆ. ಆ ಕಾರಣಕ್ಕೇ ಈ ದೇಗುಲ. ಪೂಜಾರಿಗಳು ಹಿಂದಿನ ರಾತ್ರಿಯೇ ಬಂದು ಪ್ರತ್ಯೇಕವಾಗಿ ಉಳಿದು ಮಡಿಯಲ್ಲಿರುತ್ತಾರೆ. ಬೆಳಗ್ಗೆ ಮರಕ್ಕೆ ಮರ ಉಜ್ಜಿ ಬೆಂಕಿ ಹೊತ್ತಿಸುತ್ತಾರೆ. ಬೆಂಕಿಪೊಟ್ಟಣ ನಡೆಯುವುದಿಲ್ಲ. ನೀರಿಗೆ ಬೇರೆಯೇ ಬಾವಿ. ಅಕ್ಕಿ ದೇವರ ಗದ್ದೆಯದು, ಉಪ್ಪು ದೇವರ ಉಪ್ಪಿನ ಮಾಳದ್ದು. ಅನ್ನ, ನೀರು, ಉಪ್ಪು, ಮೀನು, ಕಡಲಸಸ್ಯ, ತರಕಾರಿ, ಹಣ್ಣು, ಸಾಕೆ ಎಂಬ ಅಕ್ಕಿಯ ಮದ್ಯ ಇಟ್ಟು ಬರುತ್ತಾರೆ. ನೋಡಲು ಜನ ಇರಲಿ ಬಿಡಲಿ, ಮಳೆಯಿರಲಿ ಹಿಮವಿರಲಿ, ಅದು ತಪ್ಪುವುದಿಲ್ಲ.

ಶಿಂಟೋದಲ್ಲಿ ಪಾಪಪುಣ್ಯದ ಲೆಕ್ಕಕ್ಕಿಂತ ಮಡಿಮೈಲಿಗೆಯ ಲೆಕ್ಕ ದೊಡ್ಡದು. ಮೈಲಿಗೆಗೆ ಕೆಗಾರೆ ಅನ್ನುತ್ತಾರೆ. ಕಾಯಿಲೆ, ರಕ್ತ, ಎಲ್ಲಕ್ಕಿಂತ ಹೆಚ್ಚಾಗಿ ಸಾವು ಅದನ್ನು ತರುತ್ತದೆ. ಅದು ಧೂಳಿನ ಹಾಗೆ, ಬದುಕಿದರೆ ಅಂಟಿಯೇ ಅಂಟುತ್ತದೆ. ಝಾಡಿಸಿಕೊಂಡರೆ ಹೋಗುತ್ತದೆ. ಪೂಜಾರಿ ಕೋಲಿಗೆ ಕಟ್ಟಿದ ಬಿಳಿ ಕಾಗದದ ಪಟ್ಟಿಗಳನ್ನು ತಲೆಯ ಮೇಲೆ ಎಡಕ್ಕೆ ಬಲಕ್ಕೆ ಸರ್‍ರೆಂದು ಬೀಸುವುದು ಇದಕ್ಕೇ. ಹೊಸ ಕಾರು ತಂದರೂ ಮಾಡಿಸುತ್ತಾರೆ, ಹೊಸ ಕಟ್ಟಡಕ್ಕೂ ಮಾಡಿಸುತ್ತಾರೆ.

ಜೂನ್ 30ಕ್ಕೆ ಮತ್ತು ಡಿಸೆಂಬರ್ 31ಕ್ಕೆ ಎಲ್ಲರಿಗೂ ಸೇರಿ ಒಂದು ದೊಡ್ಡ ಶುದ್ಧಿ ನಡೆಯುತ್ತದೆ. ಮನುಷ್ಯಾಕಾರಕ್ಕೆ ಕತ್ತರಿಸಿದ ಬಿಳಿ ಕಾಗದ ಕೊಡುತ್ತಾರೆ. ಅದರ ಮೇಲೆ ಹೆಸರು, ವಯಸ್ಸು ಬರೆದು, ಮೈಗೆಲ್ಲ ಸವರಿಕೊಂಡು, ಮೂರು ಸಲ ಉಸಿರೂದಿ ಹಿಂತಿರುಗಿಸಬೇಕು. ದೇಗುಲದವರು ಅದನ್ನು ನೀರಿಗೆ ಬಿಡುತ್ತಾರೆ ಅಥವಾ ಸುಡುತ್ತಾರೆ. ಜೂನ್ ತಿಂಗಳಲ್ಲಿ ಅಂಗಳದಲ್ಲಿ ಆಳೆತ್ತರಕ್ಕೂ ದೊಡ್ಡದಾದ ಹುಲ್ಲಿನ ಬಳೆ ನಿಲ್ಲಿಸಿರುತ್ತಾರೆ. ಅದರೊಳಗೆ ಹಾದು ಎಡಕ್ಕೆ ಸುತ್ತಿ, ಮತ್ತೆ ಹಾದು ಬಲಕ್ಕೆ ಸುತ್ತಿ, ಮತ್ತೆ ಎಡಕ್ಕೆ ಸುತ್ತಿ ಮುಂದೆ ಹೋಗಬೇಕು. ಕ್ಯೋಟೋದಲ್ಲಿ ಆ ದಿನ ಮಿನಾಜುಕಿ ಅನ್ನುವ ತ್ರಿಕೋನದ ಬಿಳಿ ಸಿಹಿ ತಿನ್ನುತ್ತಾರೆ. ಮೇಲೆ ಬೇಯಿಸಿದ ಅಜುಕಿ ಕಾಳು ಇರುತ್ತದೆ. ಆಕಾರ ಮಂಜುಗಡ್ಡೆಯ ತುಂಡಿನದು, ಕೆಂಪು ಕಾಳು ಕೇಡು ಓಡಿಸಲು.

ಸಾವಿನ ಮೈಲಿಗೆಯಿಂದಾಗಿಯೇ ದೇಗುಲದಲ್ಲಿ ಅಂತ್ಯಕ್ರಿಯೆ ನಡೆಯುವುದಿಲ್ಲ. ಜಪಾನಿನಲ್ಲಿ ಹುಟ್ಟಿದ ಮಗುವನ್ನು ಒಂದು ತಿಂಗಳ ಸುಮಾರಿಗೆ ಶಿಂಟೋ ದೇಗುಲಕ್ಕೆ ಕರೆದೊಯ್ಯುತ್ತಾರೆ. ಮೂರು, ಐದು, ಏಳನೇ ವಯಸ್ಸಿಗೆ ನವೆಂಬರಿನಲ್ಲಿ ಕಿಮೋನೋ ತೊಡಿಸಿ ಮತ್ತೆ ಕರೆತರುತ್ತಾರೆ. ಸತ್ತಾಗ ಮಾತ್ರ ಬೌದ್ಧ ಭಿಕ್ಷುವಿಗೆ ಹೇಳಿಕಳಿಸುತ್ತಾರೆ. ಮನೆಯಲ್ಲಿ ಸಾವಾದರೆ ದೇವರ ಗೂಡಿಗೆ ಬಿಳಿ ಕಾಗದ ಅಂಟಿಸಿ ಮುಚ್ಚಿಡುವ ಪದ್ಧತಿ ಇದೆ. ಶಿಂಟೋ ಮದುವೆ ಬಹಳ ಪುರಾತನ ಅಂದುಕೊಳ್ಳುತ್ತೇವೆ. ಆದರೆ ದೇಗುಲದಲ್ಲಿ ಮದುವೆಯಾಗುವ ಈಗಿನ ಪದ್ಧತಿ ಹರಡಿದ್ದು 1900ರಲ್ಲಿ ಯುವರಾಜ ಯೋಶಿಹಿತೋ ಮದುವೆಯಾದ ಮೇಲೆ.

ಮೈಲಿಗೆಯ ಈ ಎಣಿಕೆಗೆ ಕರಾಳ ಮುಖವೂ ಇದೆ. ಚರ್ಮದ ಕೆಲಸ, ಮಾಂಸದ ಕೆಲಸ, ಹೆಣ ಸಾಗಿಸುವ ಕೆಲಸ ಮಾಡುತ್ತಿದ್ದವರನ್ನು ಹುಟ್ಟಿನಿಂದಲೇ ಮೈಲಿಗೆಯವರು ಅಂತ ಊರಾಚೆ ಇಟ್ಟರು. 1871ರಲ್ಲಿ ಕಾನೂನು ಆ ಭೇದವನ್ನು ತೆಗೆದುಹಾಕಿತು. ಬುರಾಕುಮಿನ್ ಎಂದು ಕರೆಯುವ ಆ ಜನರ ವಂಶದವರಿಗೆ ಮದುವೆ, ನೌಕರಿಯಲ್ಲಿ ಅಡ್ಡಿ ಆಮೇಲೂ ತಪ್ಪಲಿಲ್ಲ. ಇದರ ಹಿಂದೆ ಬೌದ್ಧರ ಅಹಿಂಸೆಯ ವಿಚಾರವೂ, ಆಳುವವರ ಲೆಕ್ಕಾಚಾರವೂ ಸೇರಿತ್ತು. ಪೂರ್ತಿ ಹೊಣೆ ಶಿಂಟೋ ಒಂದರದ್ದೇ ಅಲ್ಲ. ಆದರೆ ನೀರಿನ ತೊಟ್ಟಿಯ ಚೆಂದ ಹೇಳಿ ಇದನ್ನು ಬಿಟ್ಟರೆ ಅರ್ಧ ಕಥೆ ಹೇಳಿದ ಹಾಗಾಗುತ್ತದೆ.

ಜಾತ್ರೆಗಳ ಬಗ್ಗೆ ಎರಡೇ ಮಾತು. ವರ್ಷಕ್ಕೊಮ್ಮೆ ದೇವರು ಗುಡಿಯಿಂದ ಹೊರಬಂದು ಮಿಕೋಶಿ ಎಂಬ ಪಲ್ಲಕ್ಕಿಯಲ್ಲಿ ಊರು ಸುತ್ತುತ್ತಾನೆ. ಹೊತ್ತವರು ಅದನ್ನು ಬೇಕಂತಲೇ ಕುಲುಕಾಡಿಸುತ್ತಾರೆ, ಕೂಗುತ್ತಾರೆ. ಕ್ಯೋಟೋದ ಗಿಯೋನ್ ಉತ್ಸವ 869ರಲ್ಲಿ ಸಾಂಕ್ರಾಮಿಕ ರೋಗ ತೊಲಗಲಿ ಅಂತ ಶುರುವಾಗಿದ್ದು, ಈಗ ಜುಲೈ ತಿಂಗಳಿಡೀ ನಡೆಯುತ್ತದೆ. ಅಲ್ಲಿನ ತೇರುಗಳಿಗೆ ಹೊದಿಸುವ ಹಳೆಯ ರತ್ನಗಂಬಳಿಗಳಲ್ಲಿ ಭಾರತದಲ್ಲಿ ನೇಯ್ದವೂ ಇವೆ.

ಸರಸ್ವತಿ ಹೋದ ದಾರಿ

6ನೇ ಶತಮಾನದಲ್ಲಿ ಬೌದ್ಧಧರ್ಮ ಜಪಾನಿಗೆ ಬಂತು. ಮುಂದಿನ ಸಾವಿರಕ್ಕೂ ಜಾಸ್ತಿ ವರ್ಷ ಬುದ್ಧನೂ ಕಾಮಿಯೂ ಒಂದೇ ಅಂಗಳದಲ್ಲಿ ಇದ್ದರು. ಕಾಮಿಗಳು ಬುದ್ಧರ ಅವತಾರ ಅಂತ ಭಿಕ್ಷುಗಳು ಹೇಳುತ್ತಿದ್ದರು. ಬೌದ್ಧರ ಜೊತೆ ನಮ್ಮ ಸರಸ್ವತಿಯೂ ಅಲ್ಲಿಗೆ ಹೋದಳು. ಬೆಂಜಾಯಿತೆನ್ ಅಂತ ಹೆಸರು, ಕೈಯಲ್ಲಿ ವೀಣೆಯ ಬದಲು ಬಿವಾ ಎಂಬ ತಂತಿವಾದ್ಯ. ನೀರಿನ ದೇವತೆ ತಾನೇ, ಅದಕ್ಕೇ ಅವಳ ಗುಡಿಗಳು ದ್ವೀಪಗಳಲ್ಲಿ, ಕೆರೆಗಳ ಬಳಿ ಇರುತ್ತವೆ. ಇತ್ಸುಕುಶಿಮಾ, ಎನೊಶಿಮಾ ಎರಡರಲ್ಲೂ 19ನೇ ಶತಮಾನದವರೆಗೆ ಅಲ್ಲಿನ ಕಾಮಿಯೂ ಅವಳೂ ಒಂದೇ ಅಂತ ಪೂಜೆ ನಡೆಯುತ್ತಿತ್ತು. ಕಗಾವಾ ಪ್ರಾಂತ್ಯದಲ್ಲಿ 785 ಮೆಟ್ಟಿಲು ಹತ್ತಿ ಹೋಗುವ ಕೊಂಪಿರಾ ದೇಗುಲವಿದೆ, ಕಡಲಿಗರ ದೇವರು. ಅವನ ಮೂಲ ಗಂಗೆಯ ಮೊಸಳೆ, ನಮ್ಮ ಕುಂಭೀರ.

1868ರಲ್ಲಿ ಮೇಜಿ ಚಕ್ರವರ್ತಿಯ ಹೊಸ ಸರ್ಕಾರ ಬಂದು ಇದನ್ನೆಲ್ಲ ಕತ್ತರಿ ಹಿಡಿದು ಬೇರೆ ಮಾಡಿತು. ಬುದ್ಧ ಬೇರೆ, ಕಾಮಿ ಬೇರೆ ಅಂತ ಆಜ್ಞೆಯಾಯಿತು. ಬೌದ್ಧ ಮೂರ್ತಿಗಳನ್ನು ಹೊರಹಾಕಿದರು, ಸುಟ್ಟರು, ಮಾರಿದರು. ಕ್ಯೋಟೋದ ಗಿಯೋನ್ ದೇಗುಲದ ಹೆಸರೇ ಯಾಸಾಕಾ ಅಂತಾಯಿತು. ಗಿಯೋನ್ ಅನ್ನುವುದು ಬುದ್ಧನಿದ್ದ ಶ್ರಾವಸ್ತಿಯ ಜೇತವನದ ಜಪಾನಿ ಹೆಸರು, ಅದೇ ತಪ್ಪಾಯಿತು. ಬೌದ್ಧರ ಸೋಂಕಿಲ್ಲದ ಶುದ್ಧ ಶಿಂಟೋ ಅಂತ ಇವತ್ತು ನಾವು ನೋಡುವುದರಲ್ಲಿ ಬಹಳಷ್ಟು ಆಗ ಹೀಗೆ ಸೋಸಿ ತೆಗೆದದ್ದು.

ಆಮೇಲೆ ದೇಗುಲಗಳು ಸರ್ಕಾರದ ಕೈಗೆ ಹೋದವು. ಚಕ್ರವರ್ತಿ ಅಮತೆರಾಸುವಿನ ವಂಶದವನು, ಅವನಿಗೆ ವಿಧೇಯನಾಗುವುದೇ ಭಕ್ತಿ ಅಂತ ಶಾಲೆಯಲ್ಲಿ ಕಲಿಸಿದರು. 1906ರಿಂದ ಊರಿನ ಸಣ್ಣ ಗುಡಿಗಳನ್ನು ಮುಚ್ಚಿ ದೊಡ್ಡವುಗಳ ಜೊತೆ ಸೇರಿಸಲು ಹೊರಟರು. ಹತ್ತಾರು ಸಾವಿರ ಗುಡಿಗಳು ಅಳಿದವು. ಗುಡಿ ಹೋದರೆ ಅದರ ಸುತ್ತಲಿನ ದೇವರ ಕಾಡೂ ಕೊಡಲಿಗೆ ಹೋಗುತ್ತದೆ. ಇದರ ವಿರುದ್ಧ ನಿಂತವನು ವಕಯಾಮಾದ ಮಿನಾಕಾತಾ ಕುಮಾಗುಸು. ಪಾಚಿ, ಶಿಲೀಂಧ್ರಗಳ ಹಿಂದೆ ಬಿದ್ದ ವಿಚಿತ್ರ ವಿಜ್ಞಾನಿ. 1910ರಲ್ಲಿ ಅಧಿಕಾರಿಗಳ ಸಭೆಗೆ ನುಗ್ಗಿ ಗಲಾಟೆ ಮಾಡಿ ಹದಿನೆಂಟು ದಿನ ಜೈಲಿನಲ್ಲಿದ್ದ. ಜೈಲಿನೊಳಗೂ ಅವನಿಗೆ ಒಂದು ಶಿಲೀಂಧ್ರ ಸಿಕ್ಕಿತು ಅಂತ ಕಥೆ.

ಯುದ್ಧ ಸೋತ ಮೇಲೆ, 1945ರ ಡಿಸೆಂಬರಿನಲ್ಲಿ, ಅಮೆರಿಕದ ಸೇನಾಡಳಿತ ದೇಗುಲಗಳನ್ನು ಸರ್ಕಾರದಿಂದ ಬೇರ್ಪಡಿಸಿತು. ಆದರೂ ಎಳೆ ಪೂರ್ತಿ ಕಡಿದಿಲ್ಲ. ಯುದ್ಧದಲ್ಲಿ ಸತ್ತ ಸುಮಾರು 24 ಲಕ್ಷ ಜನರನ್ನು ಕಾಮಿಗಳಾಗಿ ಪೂಜಿಸುವ ಟೋಕಿಯೋದ ಯಾಸುಕುನಿ ದೇಗುಲದಲ್ಲಿ 1978ರಲ್ಲಿ ಹದಿನಾಲ್ಕು ಮಂದಿ ಪ್ರಮುಖ ಯುದ್ಧಾಪರಾಧಿಗಳನ್ನೂ ಸೇರಿಸಿದರು. ಜಪಾನಿನ ಪ್ರಧಾನಿ ಅಲ್ಲಿಗೆ ಹೋದಾಗಲೆಲ್ಲ ಚೀನಾ, ಕೊರಿಯಾ ಸಿಡಿದೇಳುತ್ತವೆ. ಹಾಗಂತ ಎಲ್ಲ ದೇಗುಲಗಳನ್ನೂ ಯಾಸುಕುನಿಯ ಕಣ್ಣಿನಿಂದ ನೋಡುವುದು ಸರಿಯಲ್ಲ. ಊರಬಾಗಿಲ ಇನಾರಿ ಗುಡಿಗೂ ಅದಕ್ಕೂ ಏನೇನೂ ಸಂಬಂಧವಿಲ್ಲ.

ಈಗ ಸುಮಾರು ಎಂಬತ್ತು ಸಾವಿರ ದೇಗುಲಗಳಿವೆ. ಸರ್ಕಾರದ ದುಡ್ಡಿಲ್ಲ. ಇಸೆಯ 2013ರ ಪುನರ್ನಿರ್ಮಾಣಕ್ಕೆ ಸುಮಾರು 5,500 ಕೋಟಿ ಯೆನ್ ಖರ್ಚಾಯಿತು, ಕಂಪನಿಗಳು, ಭಕ್ತರು ಕೊಟ್ಟರು. ಮುಂದಿನದು 2033ರಲ್ಲಿ, ಅದರ ವಿಧಿಗಳು 2025ರ ಮೇ ತಿಂಗಳಲ್ಲೇ ಶುರುವಾಗಿವೆ. ಹಳ್ಳಿಯ ಗುಡಿಗಳ ಪಾಡು ಬೇರೆ. ಎಳೆಯರು ಪಟ್ಟಣ ಸೇರಿದ್ದಾರೆ. ಒಬ್ಬನೇ ಪೂಜಾರಿ ಹತ್ತಿಪ್ಪತ್ತು ಗುಡಿ ನೋಡಿಕೊಳ್ಳುವುದು, ಹೊಟ್ಟೆಪಾಡಿಗೆ ಇನ್ನೊಂದು ನೌಕರಿ ಮಾಡುವುದು ಮಾಮೂಲಿಯಾಗಿದೆ. ಹಬ್ಬದ ದಿನ ಪಲ್ಲಕ್ಕಿಗೆ ಹೆಗಲು ಕೊಡಲು ಜನ ಸಾಲದ ಊರುಗಳಲ್ಲಿ ದೇವರನ್ನು ಪುಟ್ಟ ಲಾರಿಯ ಮೇಲೆ ಕೂರಿಸಿ ಕೇರಿ ಕೇರಿ ಸುತ್ತಿಸುತ್ತಾರೆ. ಕುಲುಕಾಟಕ್ಕೆ ರಸ್ತೆಯ ಗುಂಡಿಗಳನ್ನೇ ನಂಬಬೇಕು.